ಹೆಸರು ಹಲಗೆಯ ಒಂದು ಗೀಟು

ಹೊಸ ಮನೆ ಕಟ್ಟಿದವರಿಗೆ ಬಾಗಿಲಿನ ಹೆಸರು ಹಲಗೆಯೇ ಕೊನೆಯ ಕೆಲಸ. ತಳಪಾಯದಿಂದ ತಾರಸಿಯವರೆಗೆ ಪ್ರತಿಯೊಂದನ್ನೂ ಎದುರಿಗೆ ನಿಂತು ಮಾಡಿಸಿದ ಯಜಮಾನನು ಇಲ್ಲಿಗೆ ಬರುವ ವೇಳೆಗೆ ದಣಿದಿರುತ್ತಾನೆ. ಕೈಯ ಹಣವೂ ತೀರಿರುತ್ತದೆ. ‘ಅಂಗಡಿಯವರು ನೋಡಿಕೊಳ್ಳುತ್ತಾರೆ’ ಎಂದು ಬಿಟ್ಟುಬಿಡುತ್ತಾನೆ. ಹೀಗೆ ಬಿಟ್ಟುದರಿಂದ ನಮ್ಮ ಪರಿಚಯದ ಒಂದು ಸಂಸಾರಕ್ಕೆ ಉಂಟಾದ ವ್ಯಥೆಯನ್ನೂ ಅದರಿಂದ ನಾವು ಕಲಿತ ಪಾಠವನ್ನೂ ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ.

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಬೊಮ್ಮಸಂದ್ರದ ಕಾರ್ಖಾನೆಗಳನ್ನೂ ದಾಟಿದರೆ ಚಂದಾಪುರವು ಸಿಕ್ಕುತ್ತದೆ. ಆನೇಕಲ್ಲಿಗೆ ಹೋಗುವ ದಾರಿ ಅಲ್ಲಿಯೇ ಕವಲೊಡೆಯುತ್ತದೆ. ೨೦೨೫ರ ಆಗಸ್ಟಿನಲ್ಲಿ ಮೆಟ್ರೋ ರೈಲು ಬೊಮ್ಮಸಂದ್ರದವರೆಗೆ ಬಂದಿದೆ. ಕಾರ್ಖಾನೆಗಳಲ್ಲಿಯೂ ಗಣಕಯಂತ್ರದ ಕಚೇರಿಗಳಲ್ಲಿಯೂ ದುಡಿಯುವ ಸಂಸಾರಗಳು ಬಹುಕಾಲ ಬಾಡಿಗೆಯ ಮನೆಗಳಲ್ಲಿದ್ದು, ಕಡೆಗೆ ಈ ಭಾಗದಲ್ಲಿ ಒಂದು ನಿವೇಶನ ಕೊಂಡು ನೆಲೆನಿಲ್ಲುವುದನ್ನು ನಾವು ಕಾಣುತ್ತಿದ್ದೇವೆ. ನಾವು ಹೇಳಹೊರಟ ಸಂಸಾರವೂ ಅಂತಹುದೇ.

ಆ ಮನೆಯ ಹಿರಿಯಾಕೆ ಈಗಿಲ್ಲ. ಆಕೆಗೆ ಪ್ರತಿ ತಿಂಗಳೂ ಖರ್ಚಿನ ಲೆಕ್ಕ ಬರೆದಿಡುವ ಅಭ್ಯಾಸವಿದ್ದಿತು. ಆ ಲೆಕ್ಕದ ಪುಸ್ತಕದಲ್ಲಿ ಒಂದು ಹಾಳೆಯನ್ನು ಬೇರೆಯಾಗಿ ಇಟ್ಟು, ಮನೆ ಕಟ್ಟುವುದಕ್ಕೆಂದು ಉಳಿಸಿದ ಹಣವನ್ನು ಅದರಲ್ಲಿ ಬರೆಯುತ್ತಿದ್ದಳು. ಹಾಳೆಯ ತಲೆಯಲ್ಲಿ ಪೆನ್ಸಿಲಿನಿಂದ ‘ಶ್ರೀನಿಧಿ’ ಎಂದು ಬರೆದಿದ್ದಳು. ಮನೆ ಎದ್ದಾಗ ಅದಕ್ಕೆ ಬೇರೆ ಹೆಸರನ್ನು ಯಾರೂ ಯೋಚಿಸಲಿಲ್ಲ. ಸೊಸೆಯು, ‘ಅತ್ತೆಯವರ ಕೈಬರಹವನ್ನೇ ಬಾಗಿಲಿಗೆ ಹಾಕಿಸೋಣ’ ಎಂದಳು. ಎಲ್ಲರಿಗೂ ಒಪ್ಪಿಗೆಯಾಯಿತು. ಆ ಹಾಳೆಯ ಚಿತ್ರವನ್ನು ಫೋನಿನಲ್ಲಿ ತೆಗೆದು, ಅದನ್ನು ವಾಟ್ಸಾಪಿನ ಮೂಲಕ ಹಲಗೆ ಮಾಡುವ ಅಂಗಡಿಗೆ ಕಳುಹಿಸಿದರು. ಅಂಗಡಿಯವರು ಅದನ್ನು ಗಣಕಯಂತ್ರದಲ್ಲಿ ತಿದ್ದಿ, ಹಲಗೆ ಹೀಗೆ ಬರುತ್ತದೆಂದು ಒಂದು ಚಿಕ್ಕ ಚಿತ್ರವನ್ನು ಕಳುಹಿಸಿಕೊಟ್ಟರು. ಮಗನು ಕೆಲಸದ ನಡುವೆ ಅದನ್ನು ಒಂದು ಕ್ಷಣ ನೋಡಿ ‘ಆಗಲಿ’ ಎಂದನು. ಲೇಸರ್ ಯಂತ್ರದಲ್ಲಿ ಉಕ್ಕಿನ ತಗಡು ಕತ್ತರಿಸಿ ಅಕ್ಷರಗಳು ಸಿದ್ಧವಾದವು.

ಗೃಹಪ್ರವೇಶದ ಹಿಂದಿನ ಸಂಜೆ ನಾವು ಅಲ್ಲಿದ್ದೆವು. ಹಲಗೆಯನ್ನು ಬಿಚ್ಚಿ ಗೋಡೆಗೆ ಒರಗಿಸಿದರು. ಅಕ್ಷರಗಳ ಬಾಗು, ಗುಡಿಸಿನ ಸುರುಳಿ, ‘ಶ್ರೀ’ಯ ಉದ್ದ ಎಲ್ಲವೂ ಆ ತಾಯಿಯ ಕೈಯವೇ. ವೃದ್ಧರಾದ ಯಜಮಾನರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದನ್ನು ಹಾಕಬೇಡ, ಮಗು” ಎಂದರು.

“ಯಾಕಪ್ಪಾ? ಅಮ್ಮನ ಅಕ್ಷರವೇ ಅಲ್ಲವೇ?”

“ಅಕ್ಷರವೇನೋ ಅವಳದೇ. ಆದರೆ ಅವಳು ಬರೆದದ್ದು ಇದಲ್ಲ. ‘ಧಿ’ಯ ಹೊಟ್ಟೆಯ ಗೀಟು ಎಲ್ಲಿ ಹೋಯಿತು? ಅವಳು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಆದರೂ ಒಂದು ದಿನ ತಪ್ಪು ಬರೆದವಳಲ್ಲ. ನಾಳೆ ಬಂದವರು ಇದನ್ನು ನೋಡಿ, ಪಾಪ, ಆಕೆಗೆ ಮಹಾಪ್ರಾಣ ಗೊತ್ತಿರಲಿಲ್ಲ ಎಂದುಕೊಳ್ಳುವರು. ಅಲ್ಲವೆಂದು ಹೇಳುವುದಕ್ಕೆ ಅವಳಿಲ್ಲ.”

ಉಕ್ಕಿನಲ್ಲಿ ‘ಶ್ರೀನಿದಿ’ ಎಂದಿತ್ತು. ಮರುದಿನ ಆ ಬಾಗಿಲಿಗೆ ತೋರಣವಿದ್ದಿತು, ಹೆಸರಿರಲಿಲ್ಲ.

ಈ ತಪ್ಪು ಯಾರದು? ಅಂಗಡಿಯವರು ಒಂದು ಗೀಟನ್ನೂ ಬೇಕೆಂದು ಅಳಿಸಲಿಲ್ಲ. ಮಗನು ನೋಡದೆಯೂ ಒಪ್ಪಲಿಲ್ಲ. ಇದು ಹೇಗಾಯಿತೆಂಬುದನ್ನು ವಿಚಾರಿಸಿದಾಗ ನಮಗೆ ತಿಳಿದುಬಂದ ಸಂಗತಿಗಳು ಲಗ್ನಪತ್ರಿಕೆಯನ್ನಾಗಲಿ, ಅಂಗಡಿಯ ಹಲಗೆಯನ್ನಾಗಲಿ, ಸ್ಮಾರಕದ ಕಲ್ಲನ್ನಾಗಲಿ ಮಾಡಿಸುವ ಸಮಸ್ತ ಗೃಹಸ್ಥರಿಗೂ ಉಪಯೋಗಕ್ಕೆ ಬರುವಂತಹವು.

ಗಣಕಯಂತ್ರದಲ್ಲಿ ಚಿತ್ರವು ಎರಡು ಬಗೆಯಾಗಿ ಇರುತ್ತದೆ. ಫೋನಿನಲ್ಲಿ ತೆಗೆದ ಚಿತ್ರವು ಲಕ್ಷಾಂತರ ಸಣ್ಣ ಬಣ್ಣದ ಚೌಕಗಳನ್ನು ಒತ್ತೊತ್ತಾಗಿ ಜೋಡಿಸಿದುದು. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಇಂತಹ ಚಿತ್ರವನ್ನು ಹಿಗ್ಗಿಸಿದರೆ ಚೌಕಗಳು ದೊಡ್ಡವಾಗಿ ಅಂಚುಗಳು ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತವೆ. ಎರಡನೆಯದಕ್ಕೆ ವೆಕ್ಟರ್ ಚಿತ್ರವೆನ್ನುವರು. ಇದನ್ನು ತಿಳಿಯಲು ನಮ್ಮ ಸಹೋದರಿಯರು ತಮ್ಮ ಚುಕ್ಕಿ ರಂಗೋಲಿಯನ್ನು ನೆನೆದರೆ ಸಾಕು. ಇಷ್ಟು ಚುಕ್ಕಿ, ಈ ಚುಕ್ಕಿಯಿಂದ ಆ ಚುಕ್ಕಿಗೆ ಹೀಗೆ ಬಾಗಿದ ಗೆರೆ ಎಂಬುದಷ್ಟೇ ರಂಗೋಲಿಯ ಲೆಕ್ಕ. ಅದೇ ಲೆಕ್ಕದಿಂದ ತುಳಸಿಕಟ್ಟೆಯ ಮುಂದೆ ಅಂಗೈಯಗಲದ ರಂಗೋಲಿಯನ್ನೂ ಹಾಕಬಹುದು, ಹೆಬ್ಬಾಗಿಲಿನ ಮುಂದೆ ಅಂಗಳದ ತುಂಬವೂ ಹಾಕಬಹುದು, ಗೆರೆ ಕೆಡುವುದಿಲ್ಲ. ವೆಕ್ಟರ್ ಚಿತ್ರದಲ್ಲಿಯೂ ಚುಕ್ಕಿಗಳ ಸ್ಥಾನವೂ ಗೆರೆಯ ಬಾಗೂ ಮಾತ್ರ ಅಂಕೆಗಳಲ್ಲಿ ಇರುತ್ತವೆ. ಈ ಬಾಗಿದ ಗೆರೆಗಳಿಗೆ ಬೆಝಿಯೆ ರೇಖೆಗಳೆಂದು ಹೆಸರು. ಫ್ರಾನ್ಸಿನ ರೆನೊ ಕಾರಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಪಿಯೆರ್ ಬೆಝಿಯೆಯವರು ೧೯೬೦ರ ದಶಕದಲ್ಲಿ ಕಾರಿನ ಮೈಯ ಬಾಗನ್ನು ಬರೆಯುವುದಕ್ಕೆ ಇವನ್ನು ಬಳಕೆಗೆ ತಂದರು. ಉಕ್ಕನ್ನು ಕತ್ತರಿಸುವ ಯಂತ್ರಕ್ಕೆ ಬೇಕಾದುದು ಈ ಎರಡನೆಯ ಬಗೆಯ ಚಿತ್ರ. ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಗೆರೆಯಿಲ್ಲದೆ ಅದು ಕತ್ತರಿಸಲಾರದು.

ಆದುದರಿಂದ ಮೊದಲನೆಯ ಬಗೆಯ ಚಿತ್ರವನ್ನು ಎರಡನೆಯದಾಗಿ ಮಾಡಬೇಕಾಗುತ್ತದೆ. ಇದಕ್ಕೆ ಟ್ರೇಸ್ ಮಾಡುವುದೆಂದು ಹೆಸರು. ಹಣ ಕೊಡದೆ ಯಾರು ಬೇಕಾದರೂ ಪಡೆಯಬಹುದಾದ ಇಂಕ್‌ಸ್ಕೇಪ್ ಎಂಬ ತಂತ್ರಾಂಶವು ೨೦೦೩ರಲ್ಲಿ ಆರಂಭವಾಯಿತು. ಅದರಲ್ಲಿ ಈ ಕೆಲಸವನ್ನು ಮಾಡುವುದು ಪೊಟ್ರೇಸ್ ಎಂಬ ಭಾಗ. ಗಣಿತಜ್ಞರಾದ ಪೀಟರ್ ಸೆಲಿಂಜರ್ ಅವರು ಅದನ್ನು ೨೦೦೧ರಲ್ಲಿ ರಚಿಸಿದರು. ಅದು ಮೊದಲು, ಇಷ್ಟಕ್ಕಿಂತ ಕಪ್ಪಾದುದೆಲ್ಲ ಮಸಿ, ಇಷ್ಟಕ್ಕಿಂತ ಬೆಳ್ಳಗಿರುವುದೆಲ್ಲ ಕಾಗದ ಎಂದು ಚಿತ್ರವನ್ನು ಎರಡಾಗಿ ವಿಂಗಡಿಸುತ್ತದೆ. ಆಮೇಲೆ ಮಸಿಯ ಒಂದೊಂದು ತೇಪೆಯ ಸುತ್ತಲೂ ಗೆರೆ ಎಳೆಯುತ್ತದೆ. ಕಾಗದದ ಕಲೆ, ಧೂಳು ಮೊದಲಾದುವು ಸಹ ಮಸಿಯಂತೆಯೇ ಕಾಣುವುದರಿಂದ, ಇಂತಿಷ್ಟು ಪಿಕ್ಸೆಲಿಗಿಂತ ಚಿಕ್ಕದಾದ ತೇಪೆಗಳನ್ನು ಬಿಟ್ಟುಬಿಡು ಎಂದು ಹೇಳುವ ಅನುಕೂಲವನ್ನೂ ಇಟ್ಟಿರುತ್ತಾರೆ.

ಹೂವಿನ ನಮೂನೆಯನ್ನು ಟ್ರೇಸಿಂಗ್ ಕಾಗದದ ಮೇಲೆ ತೆಗೆದುಕೊಳ್ಳುವ ಹೆಣ್ಣುಮಗಳು ಯಾವುದು ಎಲೆಯ ನರ, ಯಾವುದು ಎಣ್ಣೆಯ ಕಲೆ ಎಂಬುದನ್ನು ಬಲ್ಲಳು. ಯಂತ್ರಕ್ಕೆ ಆ ವಿವೇಕವಿಲ್ಲ. ಅದಕ್ಕೆ ‘ಧಿ’ ಎಂಬುದು ಅಕ್ಷರವಲ್ಲ, ಕಪ್ಪು ತೇಪೆ. ನಮ್ಮ ಲಿಪಿಯಲ್ಲಿಯಾದರೋ ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ಭೇದವೆಲ್ಲ ಕೆಳಗಿನ ಒಂದು ಪುಟ್ಟ ಗೀಟಿನಲ್ಲಿದೆ. ಪಕಾರದ ಹೊಟ್ಟೆಯೊಳಗೆ ಒಂದು ಗೆರೆ ಬಿದ್ದರೆ ಅದು ಷಕಾರವಾಗುತ್ತದೆ. ಗೀಟು ಹೋದರೆ ಧನವು ದನವಾಗುತ್ತದೆಂಬ ಹಾಸ್ಯವನ್ನು ಶಾಲೆಯಲ್ಲಿ ಕೇಳದವರಿಲ್ಲ.

ನಮ್ಮ ಸ್ನೇಹಿತರ ಮನೆಯಲ್ಲಿ ನಡೆದುದು ಇಷ್ಟೇ. ಪೆನ್ಸಿಲಿನ ಬರಹವು ಮೊದಲೇ ಮಾಸಿತ್ತು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದುದರಿಂದ ಅದು ಮತ್ತಷ್ಟು ಕುಗ್ಗಿತು. ಅಕ್ಷರವು ನಲವತ್ತು ಪಿಕ್ಸೆಲ್ ಎತ್ತರವಿದ್ದರೆ ಅದರ ಕೆಳಗಿನ ಗೀಟು ಎರಡು ಪಿಕ್ಸೆಲ್ ಅಗಲ, ಐದು ಪಿಕ್ಸೆಲ್ ಉದ್ದ ಇದ್ದೀತು. ಒಟ್ಟು ಹತ್ತು ಪಿಕ್ಸೆಲ್. ಹಳೆಯ ಹಾಳೆಯ ಕಲೆಗಳನ್ನು ತೆಗೆಯಬೇಕೆಂದು ಹದಿನೈದಕ್ಕಿಂತ ಚಿಕ್ಕದಾದ ತೇಪೆಗಳನ್ನೆಲ್ಲ ಬಿಡು ಎಂದರೆ, ಕಲೆಯ ಜೊತೆಯಲ್ಲಿ ಗೀಟೂ ಹೋಗುತ್ತದೆ. ಆ ಗೀಟು ಅಕ್ಷರಕ್ಕೆ ತಾಗಿದ್ದರೆ ಉಳಿಯುತ್ತಿತ್ತು; ಆ ತಾಯಿಯು ಅದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದಳು. ಹಾಳೆಯನ್ನು ಶುಚಿಮಾಡುವ ಒಳ್ಳೆಯ ಉದ್ದೇಶದಿಂದಲೇ ಅಕ್ಷರವು ಕೆಟ್ಟಿತು.

ಇದು ಕೈಬರಹದ ಮಾತಾಯಿತು. ಟೈಪ್ ಮಾಡಿದ ಅಕ್ಷರದ ಕಥೆ ಬೇರೆ. ಅದೇ ಹಲಗೆಯ ಕೆಳಗೆ ಯಜಮಾನರ ಹೆಸರನ್ನೂ ಮನೆಯ ಸಂಖ್ಯೆಯನ್ನೂ ಟೈಪ್ ಮಾಡಿ ಸೇರಿಸಿದ್ದರು. ಎರಡನೆಯ ಹಲಗೆಯಲ್ಲಿ ಹಿರಿಯಾಕೆಯ ಹೆಸರನ್ನೂ ಕೂಡಿಸಬೇಕೆಂದು ಬಯಸಿದಾಗ, ಅಂಗಡಿಯಲ್ಲಿ ಉಳಿದಿದ್ದ ಕಡತದಲ್ಲಿ ಒಂದಕ್ಷರವನ್ನೂ ಬದಲಾಯಿಸುವಂತಿರಲಿಲ್ಲ. ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಬೇಕಾಯಿತು. ಕಾರಣವೇನೆಂದರೆ, ಅಕ್ಷರಗಳನ್ನು ಗೆರೆಯ ಆಕಾರಗಳಾಗಿ ಮಾರ್ಪಡಿಸಿಬಿಟ್ಟಿದ್ದರು.

ಹಿಂದಿನ ಮುದ್ರಣದ ಎರಡು ಕ್ರಮಗಳನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ೧೮೪೩ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದರು. ಕಲ್ಲಚ್ಚಿನಲ್ಲಿ ಇಡೀ ಪುಟವೂ ಒಂದು ಚಿತ್ರ. ಬರೆದವರ ಕೈಯ ಸೊಗಸೆಲ್ಲವೂ ಅದರಲ್ಲಿ ಇಳಿಯುತ್ತದೆ. ಆದರೆ ತಪ್ಪಿದ್ದರೆ ಆ ಭಾಗವನ್ನು ಕೆರೆದು ಮತ್ತೆ ಬರೆಯಬೇಕು. ಸೀಸದ ಮೊಳೆಗಳನ್ನು ಜೋಡಿಸಿ ಅಚ್ಚು ಹಾಕುವಲ್ಲಿ ಹಾಗಲ್ಲ. ತಪ್ಪಾದ ಒಂದು ಮೊಳೆಯನ್ನು ಚಿಮುಟದಿಂದ ತೆಗೆದು ಸರಿಯಾದುದನ್ನು ಇಟ್ಟರೆ ತೀರಿತು. ಗಣಕಯಂತ್ರದಲ್ಲಿ ಟೈಪ್ ಮಾಡಿದ ಅಕ್ಷರವು ಮೊಳೆಯಂತೆ. ತಿದ್ದಬಹುದು, ಹುಡುಕಬಹುದು, ಬೇರೆ ಅಚ್ಚಿನ ರೂಪ ಕೊಡಬಹುದು. ಆಕಾರವಾಗಿ ಮಾರ್ಪಡಿಸಿದ ಅಕ್ಷರವು ಕಲ್ಲಚ್ಚಿನಂತೆ. ನೋಡುವುದಕ್ಕೆ ಹಾಗೆಯೇ ಇರುತ್ತದೆ, ಆದರೆ ಅದು ‘ಧಿ’ ಎಂಬುದು ಯಂತ್ರಕ್ಕೆ ಮರೆತುಹೋಗಿರುತ್ತದೆ.

ಹಾಗಾದರೆ ಮಾರ್ಪಡಿಸುವುದೇಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ನ್ಯಾಯವಾದ ಕಾರಣವಿದೆ. ಒಂದು ಯಂತ್ರದಲ್ಲಿರುವ ಫಾಂಟು ಮತ್ತೊಂದರಲ್ಲಿ ಇಲ್ಲದೆ ಹೋಗಬಹುದು. ಆಗ ಬೇರೆ ಫಾಂಟು ಬಂದು ಕೂರುತ್ತದೆ, ಇಲ್ಲವೆ ಖಾಲಿ ಚೌಕಗಳು ಕಾಣುತ್ತವೆ. ಅಂತರರಾಷ್ಟ್ರೀಯ ಸಂಕೇತಕ್ರಮವಾದ ಯೂನಿಕೋಡಿನಲ್ಲಿ ೧೯೯೧ರ ಮೊದಲನೆಯ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಆದರೂ ಒತ್ತಕ್ಷರಗಳನ್ನು ಕೂಡಿಸಲರಿಯದ ಹಳೆಯ ತಂತ್ರಾಂಶಗಳಲ್ಲಿ ಒತ್ತು ಕೆಳಗಿಳಿಯದೆ ಪಕ್ಕದಲ್ಲಿಯೇ ನಿಲ್ಲುತ್ತದೆ. ಇನ್ನು ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕೂರಿಸಿದ್ದರು. ಫಾಂಟು ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಇವೆಲ್ಲಕ್ಕೂ ಅಂಜಿ, ಯಂತ್ರಕ್ಕೆ ಕಳುಹಿಸುವ ಮುಂಚೆ ಅಕ್ಷರವನ್ನು ಆಕಾರವಾಗಿಸುತ್ತಾರೆ. ಹಾಗೆ ಮಾಡುವುದು ತಪ್ಪಲ್ಲ. ಮಾಡುವ ಮುನ್ನ ಮೂಲವನ್ನು ಬೇರೆಯಾಗಿ ಉಳಿಸಿಕೊಳ್ಳದಿರುವುದು ತಪ್ಪು.

ಈಗ ಈ ಎಚ್ಚರವು ಮೊದಲಿಗಿಂತಲೂ ಹೆಚ್ಚು ಬೇಕಾಗಿದೆ. ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ ೬೦ರಷ್ಟು ಕನ್ನಡವಿರಬೇಕೆಂದು ೨೦೨೪ರಲ್ಲಿ ತಿದ್ದುಪಡಿಯಾದ ಕಾನೂನು ವಿಧಿಸುತ್ತದೆ. ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲವೂ ಕೇಳಿಬರುವ ಚಂದಾಪುರದಂತಹ ಕಡೆಯಲ್ಲಿ ಹಲಗೆಯನ್ನು ತಿದ್ದಿ ಕತ್ತರಿಸುವ ಕೆಲಸಗಾರನು ಕನ್ನಡ ಓದಬಲ್ಲವನೇ ಆಗಿರಬೇಕೆಂಬ ನಿಯಮವಿಲ್ಲ. ಅವನು ಪರಊರಿನಿಂದ ದುಡಿಯಲು ಬಂದವನಾಗಿರಬಹುದು, ಕೆಲಸದಲ್ಲಿ ನಿಪುಣನಾಗಿರಬಹುದು. ಅವನ ಕಣ್ಣಿಗೂ ಯಂತ್ರದ ಕಣ್ಣಿಗಾದಂತೆಯೇ ಅದು ಚಿತ್ರ ಮಾತ್ರ. ಓದುವ ಕೆಲಸ ಹಲಗೆ ಮಾಡಿಸುವವರದು.

ಓದುವುದೂ ರೂಪವನ್ನು ಕಾಪಾಡುವುದೂ ಬೇರೆ ಬೇರೆ ಕೆಲಸಗಳೆಂಬುದನ್ನು ಶಾಸನಗಳನ್ನು ಕಾಯುವವರು ಚೆನ್ನಾಗಿ ಬಲ್ಲರು. ಹಳೆಯ ಶಾಸನಗಳಲ್ಲಿ ಬರೆದವನ ಹೆಸರು ಬೇರೆ, ಕಲ್ಲಿನಲ್ಲಿ ಕಂಡರಿಸಿದವನ ಹೆಸರು ಬೇರೆಯಾಗಿ ಇರುವುದುಂಟು. ಚಂದಾಪುರದಿಂದ ಬೆಂಗಳೂರಿನ ಕಡೆಗೆ ಬರುವಾಗ ಹೆದ್ದಾರಿಯ ಪಶ್ಚಿಮಕ್ಕೆ ಇರುವ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ, ‘ಬೆಂಗಳೂರು’ ಎಂಬ ಹೆಸರುಳ್ಳ ಸುಮಾರು ಕ್ರಿ. ಶ. ೮೯೦ರ ವೀರಗಲ್ಲಿದೆ. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ೧೯೦೫ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದಾಗ ಕಲ್ಲಿನ ಪಾಠವನ್ನು ಅಚ್ಚಿನ ಅಕ್ಷರದಲ್ಲಿ ಕೊಟ್ಟರು. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಅದೇ ಕಲ್ಲುಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಅಕ್ಷರಗಳ ರೂಪವನ್ನು ಗಣಕಯಂತ್ರದಲ್ಲಿ ಉಳಿಸುತ್ತಿದ್ದಾರೆ. ರೂಪವಿದೆಯೆಂದು ಪಾಠವನ್ನು ಬಿಡುವುದಿಲ್ಲ. ಪಾಠವಿದೆಯೆಂದು ರೂಪವನ್ನು ಬಿಡುವುದಿಲ್ಲ. ಎರಡೂ ಇದ್ದರೆ ಒಂದು ಮತ್ತೊಂದರ ತಪ್ಪನ್ನು ತೋರಿಸಿಕೊಡುತ್ತದೆ. ಮನೆಯ ಹಲಗೆಗೂ ಇದೇ ಕ್ರಮವು ಸಲ್ಲುತ್ತದೆ.

ಇನ್ನು ನಮ್ಮ ವಾಚಕರು ಗಮನಿಸತಕ್ಕ ಅಂಶಗಳನ್ನು ಸಂಗ್ರಹವಾಗಿ ಹೇಳುವೆವು.

ಮೊದಲನೆಯದು, ಟ್ರೇಸ್ ಮಾಡಿಸತಕ್ಕದ್ದು ಕೈಬರಹವನ್ನೂ ಚಿತ್ರವನ್ನೂ ಮಾತ್ರ. ಹಳೆಯ ಲಗ್ನಪತ್ರಿಕೆಯ ಅಥವಾ ಹಲಗೆಯ ಅಚ್ಚಿನ ಅಕ್ಷರ ಬೇಕಾದರೆ ಹೊಸದಾಗಿ ಯೂನಿಕೋಡಿನಲ್ಲಿ ಟೈಪ್ ಮಾಡಿಸಿರಿ. ನೋಟೋ, ಬಲೂ ತಮ್ಮ, ತಿರೋ ಕನ್ನಡ ಮೊದಲಾದ ಒಳ್ಳೆಯ ಫಾಂಟುಗಳು ಬೆಲೆಯಿಲ್ಲದೆ ದೊರೆಯುತ್ತವೆ.

ಎರಡನೆಯದು, ಕೈಬರಹವನ್ನು ಸ್ಕ್ಯಾನರಿನಲ್ಲಿ ಅಂಗುಲಕ್ಕೆ ೬೦೦ ಚುಕ್ಕೆಯಂತೆ ತೆಗೆಸಿರಿ. ಫೋನೇ ಗತಿಯಾದರೆ ಹಗಲು ಬೆಳಕಿನಲ್ಲಿ ಹಾಳೆಯನ್ನು ಮಟ್ಟವಾಗಿಟ್ಟು ನೇರ ಮೇಲಿನಿಂದ ತೆಗೆದು, ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿರಿ. ಆಗ ಅದು ಕುಗ್ಗುವುದಿಲ್ಲ.

ಮೂರನೆಯದು, ಟ್ರೇಸ್ ಮಾಡುವಾಗ ಚಿಕ್ಕ ತೇಪೆಗಳನ್ನು ಬಿಡುವ ಅಂಕೆಯನ್ನು ಆದಷ್ಟು ಕಡಿಮೆಯಿಡುವಂತೆ ಹೇಳಿರಿ. ಕಲೆಗಳನ್ನು ಆಮೇಲೆ ಕೈಯಿಂದ ಒಂದೊಂದಾಗಿ ತೆಗೆಯಬಹುದು. ಟ್ರೇಸಿನ ಫಲವು ಮೂಲಚಿತ್ರದ ಮೇಲೆಯೇ ಕೂರುತ್ತದೆ. ಅದಕ್ಕೆ ಕೆಂಪು ಬಣ್ಣ ಕೊಟ್ಟು ನೋಡಿದರೆ ಕೆಂಪಿನ ಹೊರಗೆ ಉಳಿದ ಕಪ್ಪು ಗೀಟು ತಾನೇ ಕಣ್ಣಿಗೆ ಬೀಳುತ್ತದೆ.

ನಾಲ್ಕನೆಯದು, ಉಕ್ಕಿನಲ್ಲಿ ಕತ್ತರಿಸುವಾಗ ಅಕ್ಷರಕ್ಕೆ ತಾಗದ ಒತ್ತುಗಳೂ ಗೀಟುಗಳೂ ಬಿಡಿ ತುಂಡುಗಳಾಗಿ ಉದುರುತ್ತವೆ. ತಗಡಿನಲ್ಲಿ ಅಕ್ಷರದಾಕಾರದ ರಂಧ್ರ ಮಾಡಿಸಿದರೆ ಸೊನ್ನೆಯ ಒಳಗಿನ ಭಾಗವು ಬಿದ್ದುಹೋಗುತ್ತದೆ. ಆದುದರಿಂದ ಹಿಂದೊಂದು ಹಲಗೆ ಇರಬೇಕು, ಇಲ್ಲವೆ ಸಣ್ಣ ಸೇತುವೆಯಂತೆ ಜೋಡಿಸಿರಬೇಕು.

ಐದನೆಯದು, ಕಡತದ ಎರಡು ಪ್ರತಿಗಳನ್ನು ಕೇಳಿ ಪಡೆಯಿರಿ. ಒಂದು ಅಕ್ಷರವಾಗಿರುವುದು, ಮತ್ತೊಂದು ಆಕಾರವಾಗಿರುವುದು. ಎಸ್‌ವಿಜಿ ಎಂಬ ಬಗೆಯ ಕಡತವಾದರೆ ಅದನ್ನು ಸಾದಾ ಬರಹದ ತಂತ್ರಾಂಶದಲ್ಲಿ ತೆರೆದು ನೋಡಬಹುದು. ಕನ್ನಡದ ಮಾತುಗಳು ಕಂಡರೆ ಅಕ್ಷರ ಉಳಿದಿರಬಹುದು. ಬರಿಯ ಅಂಕೆಗಳ ಸಾಲು ಕಂಡರೆ ಉಳಿದಿಲ್ಲ.

ಕಡೆಯದು, ಫೋನಿನ ಪುಟ್ಟ ಚಿತ್ರವನ್ನು ನೋಡಿ ಎಂದಿಗೂ ಒಪ್ಪಬೇಡಿರಿ. ಹಲಗೆಯ ಅಳತೆಗೇ ಕಾಗದದ ಮೇಲೆ ಅಚ್ಚು ಹಾಕಿಸಿ ಮನೆಗೆ ತಂದು, ಕಾಗುಣಿತ ಬಲ್ಲ ಹಿರಿಯರಿಂದ ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿಸಿರಿ. ಇದಕ್ಕೆ ತಗಲುವುದು ಕೆಲವು ರೂಪಾಯಿ, ಒಂದು ಸಂಜೆ.

ನಮ್ಮ ಸ್ನೇಹಿತರು ಎರಡನೆಯ ಸಲ ಹೀಗೆಯೇ ಮಾಡಿದರು. ಲೆಕ್ಕದ ಪುಸ್ತಕವನ್ನೇ ಅಂಗಡಿಗೆ ಕೊಂಡುಹೋಗಿ ಸ್ಕ್ಯಾನ್ ಮಾಡಿಸಿದರು. ಕಾಗದದ ಪ್ರತಿಯನ್ನು ಯಜಮಾನರ ಮುಂದೆ ಹರಡಿದಾಗ, ಅವರು ಬೆರಳಿಟ್ಟು ಓದಿ, “ಈಗ ಸರಿಯಾಯಿತು” ಎಂದರು. ಮೊದಲಿನ ಹಲಗೆಯ ಖರ್ಚು ದಂಡವಾಯಿತು. ಅರ್ಧವನ್ನು ಅಂಗಡಿಯವರೇ ಹೊತ್ತರು. ಹೊಸ ಹಲಗೆಯು ಈಗ ಬಾಗಿಲಿನ ಬಲಕ್ಕೆ ಇದೆ. ಕೆಳಗೆ ಯಜಮಾನರ ಹೆಸರಿನ ಪಕ್ಕದಲ್ಲಿ ಆಕೆಯ ಹೆಸರೂ ಇದೆ. ‘ಧಿ’ಯ ಕೆಳಗಿನ ಗೀಟು ಆಕೆ ಬರೆದಂತೆಯೇ ಅಕ್ಷರದಿಂದ ಸ್ವಲ್ಪ ಬಿಡಿಸಿ, ಹಿಂದಿನ ಹಲಗೆಗೆ ತಿರುಪು ಹಾಕಿ ಕೂರಿಸಿದೆ.